ಆರಿದ ಮೇಲೆ ಏರಿದ ನೀರು

ವೇದಿಕೆಯ ನಡುವೆ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಕೈಯಲ್ಲಿರುವ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಿರುವ ಮುಖ್ಯ ಅತಿಥಿಗಳೇ, ನನ್ನ ಮುಖ ಬಿಟ್ಟು ಸಭಾಂಗಣದ ಉಳಿದೆಲ್ಲ ದಿಕ್ಕನ್ನೂ ನೋಡುತ್ತಿರುವ ತೀರ್ಪುಗಾರರಾದ ವಿಜ್ಞಾನದ ಮೇಷ್ಟ್ರೇ, ಬಹುಮಾನ ಬಂದ ಮಕ್ಕಳೇ, ಬಾರದ ಮಕ್ಕಳೇ, ಮಕ್ಕಳಿಗಿಂತ ಹೆಚ್ಚು ಬೆವರಿರುವ ಅವರ ತಂದೆತಾಯಿಗಳೇ, ಮತ್ತು ಬಾಗಿಲ ಪಕ್ಕದ ಸಾಲನ್ನೇ ಹುಡುಕಿ ಕುಳಿತಿರುವ ಬುದ್ಧಿವಂತ ಸಭಿಕರೇ,

ಮನೆಯಲ್ಲೇ ಕಲಿಯುವ ಮಕ್ಕಳ ವಿಜ್ಞಾನ ಪ್ರಯೋಗ ಸ್ಪರ್ಧೆಯ ಈ ಸಮಾರಂಭದಲ್ಲಿ ಪೋಷಕರ ಪರವಾಗಿ ವಂದನಾರ್ಪಣೆ ಮಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಕೊಟ್ಟಿದ್ದಾರೆ. “ನೀವು ಹಿರಿಯರು, ಚುಟುಕಾಗಿ ಮುಗಿಸ್ತೀರಿ” ಎಂದರು. ಹಿರಿಯರು ಚುಟುಕಾಗಿ ಮುಗಿಸುತ್ತಾರೆ ಎಂದು ಅವರಿಗೆ ಯಾರು ಹೇಳಿದರೋ ಕಾಣೆ. ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ನ್ಯಾಯಾಧೀಶರ ಕಾಲ ಬುಡದಲ್ಲಿ ಕುಳಿತು ಪ್ರಾಯವೆಲ್ಲ ಬೇರೆಯವರ ಮಾತನ್ನು ಕೇಳಿಸಿಕೊಂಡವನು. ನನ್ನ ಮಾತನ್ನು ಬೇರೆಯವರು ಕೇಳಿಸಿಕೊಳ್ಳುವ ಅವಕಾಶ ಇವತ್ತೇ ಬಂದಿರುವುದು.

ಆದ್ದರಿಂದ ವಂದನೆಗಳನ್ನು ಖಂಡಿತ ಸಲ್ಲಿಸುತ್ತೇನೆ. ಒಬ್ಬರನ್ನೂ ಬಿಡುವುದಿಲ್ಲ. ಆದರೆ ಅದಕ್ಕೆ ಮುಂಚೆ ಸ್ವಲ್ಪ ಸಿಟ್ಟು ಮಾಡಿಕೊಳ್ಳುವುದಿದೆ. ದಯವಿಟ್ಟು ಸಹಿಸಿಕೊಳ್ಳಬೇಕು. ಕಾಲೇಜಿನಲ್ಲಿ ನಮಗೆ ಭಾಷಣ ಕಲಿಸಿದ ಇಂಗ್ಲಿಷ್ ಲೆಕ್ಚರರು, ‘ಲೇಡೀಸ್ ಅಂಡ್ ಜಂಟಲ್‌ಮೆನ್, ಅನ್‌ಅಕ್ಕಸ್ಟಮ್ಡ್ ಆಸ್ ಐ ಆಮ್’ ಎಂದು ಶುರು ಮಾಡಬೇಕು ಎಂದಿದ್ದರು. ಅದರ ಮುಂದಿನದು ಮರೆತುಹೋಗಿದೆ. ನನಗೆ ಅಭ್ಯಾಸವಿಲ್ಲ ಎಂಬಷ್ಟು ಮಾತ್ರ ನೆನಪಿದೆ. ಅದು ನಿಜವೂ ಹೌದು.

ನನ್ನ ಮೊಮ್ಮಗಳಿಗೆ ಈಗ ತಾನೇ ಇದೇ ವೇದಿಕೆಯ ಮೇಲೆ ಸಮಾಧಾನಕರ ಬಹುಮಾನ ಕೊಟ್ಟಿರಿ. ಯಾವುದಕ್ಕೆ? ಅಚ್ಚುಕಟ್ಟುತನಕ್ಕೆ. ಸಭಿಕರೇ, ಆ ಹುಡುಗಿಯ ಫ್ರಾಕಿನ ಮುಂಭಾಗದಲ್ಲಿ ಮೇಣ, ಹಿಂಭಾಗದಲ್ಲಿ ನೀಲಿ ಶಾಯಿ. ಅವಳ ಜಡೆಯ ಒಂದು ತುದಿ ಬತ್ತಿಗೆ ತಗುಲಿ ಸುಟ್ಟು ಗಿಡ್ಡವಾಗಿದೆ. ಅವಳಿಗೆ ಅಚ್ಚುಕಟ್ಟುತನಕ್ಕೆ ಬಹುಮಾನ. ಬಹುಮಾನ ಏನು? ಊಟದ ಡಬ್ಬಿ. ಮನೆಯಲ್ಲೇ ಕಲಿಯುವ, ಮನೆಯಲ್ಲೇ ಉಣ್ಣುವ ಮಕ್ಕಳಿಗೆ ಊಟದ ಡಬ್ಬಿ. ಇರಲಿ, ಕೊಡುವ ಕೈಯನ್ನು ಬೈಯಬಾರದು.

ನನಗೆ ಸಿಟ್ಟು ಬಂದಿರುವುದು ಡಬ್ಬಿಗಲ್ಲ. ನನ್ನ ಮಗಳು, ಅಂದರೆ ಈ ಹುಡುಗಿಯ ತಾಯಿ, ಒಂದು ಷರತ್ತು ಹಾಕಿದ್ದಳು. ಮೊದಲ ಮೂರು ಸ್ಥಾನಗಳಲ್ಲಿ ಒಂದು ಬಂದರೆ ಮಗು ಇನ್ನೊಂದು ವರ್ಷ ಮನೆಯಲ್ಲಿ ನನ್ನ ಹತ್ತಿರವೇ ಕಲಿಯಬಹುದು. ಬಾರದಿದ್ದರೆ ಸೋಮವಾರದಿಂದ ಶಾಲೆ. ಬರಲಿಲ್ಲ. ಏಕೆ ಬರಲಿಲ್ಲ? ಅದನ್ನು ಹೇಳುವುದಕ್ಕೇ ನಾನು ಈ ಮೈಕಿನ ಕತ್ತು ಹಿಡಿದುಕೊಂಡು ನಿಂತಿರುವುದು.

ಮಗು ಮನೆಯಲ್ಲಿ ಏಕೆ ಉಳಿಯಿತು ಎಂದು ನೀವು ಕೇಳಬಹುದು. ಉಬ್ಬಸ. ರಾತ್ರಿಯೆಲ್ಲ ಕೂತೇ ಉಸಿರೆಳೆಯುತ್ತಿತ್ತು. ಡಾಕ್ಟರು, “ಒಂದು ವರ್ಷ ಶಾಲೆ ಬೇಡ, ಧೂಳು ಬೇಡ” ಎಂದರು. ಮಗಳು ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುವವಳು, ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಅಳಿಯಂದಿರು ಲಾರಿಯಲ್ಲಿ ಊರೂರು ಸುತ್ತುವವರು. ಉಳಿದವನು ನಾನು. ಹಗಲೆಲ್ಲ ಮಗು ನನ್ನ ಮನೆಯಲ್ಲೇ. ಆಗ ನನ್ನ ಹೆಂಡತಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ನನಗೂ ಮಾಡಲು ಕೆಲಸವಿರಲಿಲ್ಲ. ಒಂದು ವರ್ಷ ಎಂದದ್ದು ಎರಡಾಯಿತು. ಹೋದ ಸಲ ಹೋದಾಗ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಈಗ ಶಾಲೆಗೆ ಕಳಿಸಬಹುದಲ್ಲ” ಎಂದರು. ನಾನು, “ಇನ್ನೊಂದು ಸಲ ಇಟ್ಟು ಕೇಳಿ” ಎಂದೆ. ಕೇಳಿದರು. ಎಡಗಡೆಯೂ ಕೇಳಿ ಎಂದೆ. ಅದನ್ನೂ ಕೇಳಿದರು. ಪುಣ್ಯಾತ್ಮರು.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ವಿಷಯಕ್ಕೆ ಬರುತ್ತೇನೆ.

ಮುಖ್ಯ ಅತಿಥಿಗಳು ಪ್ರಯೋಗದ ಪೆಟ್ಟಿಗೆಗಳನ್ನು ತಯಾರಿಸಿ ಮಾರುವವರು. ಅವರು ತಮ್ಮ ಭಾಷಣದಲ್ಲಿ, ಮಕ್ಕಳು ಕೈಯಾರೆ ಮಾಡಬೇಕು, ಕಣ್ಣಾರೆ ಕಾಣಬೇಕು, ಆಗಲೇ ವಿಜ್ಞಾನ ಎಂದು ಬಹಳ ಚೆನ್ನಾಗಿ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ. ಆದರೆ ಸ್ವಾಮಿ, ನಾವು ಕೊಂಡ ನಿಮ್ಮ ಪೆಟ್ಟಿಗೆಯಲ್ಲಿ ತಟ್ಟೆ ಇದೆ, ಮೇಣದಬತ್ತಿ ಇದೆ, ಗಾಜಿನ ಲೋಟ ಇದೆ, ಶಾಯಿ ಇದೆ, ಅವುಗಳ ಮೇಲೆ ಉತ್ತರದ ಚೀಟಿಯೂ ಇದೆ. ಮುಚ್ಚಳ ತೆಗೆದ ಕೂಡಲೇ ಮೊದಲು ಕೈಗೆ ಸಿಗುವುದೇ ಅದು. ಏನು ಕಾಣಬೇಕು ಎಂದು ಮೊದಲೇ ಅಚ್ಚು ಹಾಕಿಸಿ, ಆಮೇಲೆ ಕಣ್ಣಾರೆ ಕಾಣು ಎಂದರೆ ಹೇಗೆ? ನಮ್ಮ ಕೋರ್ಟಿನಲ್ಲಿ ಸಾಕ್ಷಿ ಕಟಕಟೆ ಹತ್ತುವ ಮೊದಲೇ ಅವನ ಹೇಳಿಕೆ ಬರೆದಿಟ್ಟು, ಕೆಳಗೆ ಹೆಬ್ಬೆಟ್ಟು ಒತ್ತು ಎಂದರೆ ಅದನ್ನು ಏನೆಂದು ಕರೆಯುತ್ತಾರೆ ಎಂದು ಇಲ್ಲಿರುವ ಯಾರಾದರೂ ವಕೀಲರು ಹೇಳಲಿ.

ಪ್ರಯೋಗ ನಿಮಗೆಲ್ಲ ಗೊತ್ತಿರುವಂಥದ್ದೇ. ತಟ್ಟೆಯ ನಡುವೆ ಮೇಣದಬತ್ತಿ ನಿಲ್ಲಿಸಬೇಕು. ಸುತ್ತ ಬಣ್ಣದ ನೀರು ಹಾಕಬೇಕು. ಬತ್ತಿ ಹಚ್ಚಿ, ಅದರ ಮೇಲೆ ಲೋಟವನ್ನು ಕವುಚಿ ಹಾಕಬೇಕು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಏಕೆ ಏರುತ್ತದೆ? ಬೆಂಕಿ ಆಮ್ಲಜನಕವನ್ನು ತಿಂದುಬಿಡುತ್ತದೆ, ಖಾಲಿಯಾದ ಜಾಗಕ್ಕೆ ನೀರು ಬರುತ್ತದೆ. ಇದು ಚೀಟಿಯ ಉತ್ತರ. ನಾನು ಕಾಲೇಜಿನಲ್ಲಿ ಒಂದು ವರ್ಷ ವಿಜ್ಞಾನ ಓದಿದಾಗ ಬಾಯಿಪಾಠ ಮಾಡಿದ ಉತ್ತರವೂ ಇದೇ. ‘ಆಕ್ಸಿಜನ್ ಈಸ್ ಎ ಸಪೋರ್ಟರ್ ಆಫ್ ಕಂಬಶ್ಚನ್.’ ಅಂದರೆ, ಬೆಂಕಿ ಉರಿಯಲು ಆಮ್ಲಜನಕವೇ ಆಸರೆ. ಇಷ್ಟು ವರ್ಷವಾದರೂ ಮರೆತಿಲ್ಲ, ನೋಡಿ. ಆ ವರ್ಷ ಫೇಲಾದೆ, ಅದು ಬೇರೆ ವಿಷಯ.

ನನ್ನ ಮೊಮ್ಮಗಳಿಗೆ ಅವಳ ಅಜ್ಜಿ ಇಟ್ಟ ಹೆಸರು ಯಾಕಮ್ಮ. ಮಾತು ಕಲಿತ ದಿನದಿಂದ ಯಾಕೆ, ಯಾಕೆ ಎಂದು ಜೀವ ತಿನ್ನುತ್ತಿದ್ದಳು. ಯಾಕಮ್ಮ ಚೀಟಿಯನ್ನು ಓದಿದಳು. ಪ್ರಯೋಗ ಮಾಡಿದಳು. ಆಮೇಲೆ ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ಇನ್ನೊಮ್ಮೆ ಮಾಡಿದಳು.

“ತಾತ, ಬತ್ತಿ ಉರೀತಿರೋವಾಗ ನೀರು ಸುಮ್ನೆ ಇರುತ್ತೆ. ಆರಿದ ಮೇಲೆ ಏರುತ್ತೆ. ನೋಡಿದ್ಯಾ?”

“ನೋಡೋದೇನಿದೆ? ಆಮ್ಲಜನಕ ಖಾಲಿ ಆಯ್ತು, ನೀರು ಬಂತು.”

“ತಿಂತಿರೋದು ಉರೀವಾಗ ತಾನೆ? ಹಂಗಿದ್ರೆ ಉರೀವಾಗ್ಲೇ ಏರ್ಬೇಕಿತ್ತು. ಊಟ ಮುಗಿಸಿ ಕೈ ತೊಳೆದ ಮೇಲೆ ತಟ್ಟೆ ಖಾಲಿ ಆಗುತ್ತಾ?”

“ಪುಸ್ತಕದಲ್ಲಿ ಹಂಗೇ ಇದೆ ಕಣೇ.”

“ಪುಸ್ತಕ ಬರ್ದೋರು ಬಗ್ಗಿ ನೋಡಿದ್ರಾ?”

ನಾನು ಸುಮ್ಮನಿರಲಿಲ್ಲ. ನನ್ನ ಸಪೋರ್ಟರ್ ಆಫ್ ಕಂಬಶ್ಚನ್ನನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತೇನೆಯೇ? ವಾದ ಮಾಡಿದೆ, ಗದರಿದೆ, ಆ ದಿನ ಸಂಜೆ ಅವಳ ಜೊತೆ ಮಾತು ಬಿಟ್ಟೆ. ಅವಳು ಮಾರನೆಯ ದಿನ ಒಂದು ಬತ್ತಿಯ ಜಾಗದಲ್ಲಿ ಮೂರು ಬತ್ತಿ ನಿಲ್ಲಿಸಿದಳು. ಲೋಟ ಅದೇ. ಒಳಗಿನ ಗಾಳಿ ಅಷ್ಟೇ. ನೀರು ಮಾತ್ರ ಮೊದಲಿಗಿಂತ ಬಹಳ ಮೇಲೆ ಹೋಯಿತು. ಆಮ್ಲಜನಕ ತಿಂದದ್ದೇ ಕಾರಣವಾಗಿದ್ದರೆ, ಇದ್ದಷ್ಟೇ ಆಮ್ಲಜನಕವನ್ನು ಒಬ್ಬ ತಿಂದರೇನು, ಮೂವರು ಹಂಚಿಕೊಂಡು ತಿಂದರೇನು? ಲೋಟ ಕವುಚುವಾಗ ಅದರ ಅಂಚಿನಿಂದ ಗುಳ್ಳೆಗಳು ಹೊರಗೆ ಹೋಗುವುದನ್ನೂ ಅವಳೇ ತೋರಿಸಿದಳು. ಬಿಸಿಯಾದ ಗಾಳಿ ಉಬ್ಬಿ ಹೊರಗೆ ಹೋಗುತ್ತದಂತೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದಂತೆ. ಆ ಜಾಗಕ್ಕೆ ನೀರು ಬರುತ್ತದಂತೆ.

ಆದರೂ ನಾನು ಒಪ್ಪಲಿಲ್ಲ. ಬೆಂಕಿ ಇದ್ದ ಮೇಲೆ ಆಮ್ಲಜನಕದ ಕೈವಾಡ ಇದ್ದೇ ಇರುತ್ತದೆ ಎಂದೆ. ಅವಳು ಎದ್ದು ಹೋಗಿ ಲೋಟಕ್ಕೆ ಬಿಸಿನೀರು ತುಂಬಿದಳು, ಚೆಲ್ಲಿದಳು, ಬಿಸಿ ಲೋಟವನ್ನು ಹಾಗೇ ಬಣ್ಣದ ನೀರಿನ ತಟ್ಟೆಯಲ್ಲಿ ಕವುಚಿದಳು. ಬತ್ತಿ ಇಲ್ಲ. ಬೆಂಕಿ ಇಲ್ಲ. ಕಡ್ಡಿ ಗೀರಿದ್ದೂ ಇಲ್ಲ. ನೀರು ಮೆಲ್ಲಗೆ ಮೇಲೆ ಬಂತು.

“ಈಗ ಯಾರು ತಿಂದ್ರು ತಾತ ಆಮ್ಲಜನಕಾನ? ನೀನಾ?”

ಸಭಿಕರೇ, ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಆ ಅಡುಗೆಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಬಹಳ ಕಾಲವಾಗಿತ್ತು. ನನ್ನ ಹೆಂಡತಿ ಹೋದ ಮೇಲೆ ಊಟ ಮಗಳ ಮನೆಯಿಂದ ಬರುತ್ತಿತ್ತು, ನಾನು ಆ ಕೋಣೆಗೆ ನೀರು ಕುಡಿಯಲು ಮಾತ್ರ ಹೋಗುತ್ತಿದ್ದೆ. ಅವಳ ಪಾತ್ರೆಗಳು ಕಪಾಟಿನಲ್ಲಿ ಅವಳು ಜೋಡಿಸಿಟ್ಟ ಹಾಗೇ ಇದ್ದವು, ದೊಡ್ಡದರೊಳಗೆ ಚಿಕ್ಕದು. ಮುಟ್ಟಿದರೆ ಸದ್ದಾಗುತ್ತದೆ ಎಂದು ನಾನು ಮುಟ್ಟುತ್ತಿರಲಿಲ್ಲ. ಪಾತ್ರೆಯ ಸದ್ದಾದರೆ ಮುಂದೆ ಅವಳ ದನಿ ಬರಬೇಕಲ್ಲ, “ರೀ, ಏನು ಹುಡುಕ್ತಿದ್ದೀರಿ, ನನ್ನ ಕೇಳಬಾರ್ದಾ” ಎಂದು. ಯಾಕಮ್ಮ ಬಂದು ಎಲ್ಲವನ್ನೂ ಎಳೆದು ನೆಲಕ್ಕೆ ಹಾಕಿದಳು. ಬಾಣಲೆಯಲ್ಲಿ ದೋಣಿ ಬಿಟ್ಟಳು. ಜರಡಿಯಲ್ಲಿ ಮರಳು ಸೋಸಿದಳು. ಬೆಳಗ್ಗೆಯಿಂದ ಸಂಜೆಯವರೆಗೆ ಢಣ ಢಣ. ಮನೆ ಅಂದರೆ ಹಾಗಿರಬೇಕು.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಈಗ ತೀರ್ಪಿನ ವಿಷಯ. ಈ ಸ್ಪರ್ಧೆಯ ಪದ್ಧತಿ ಒಳ್ಳೆಯದು. ಮಕ್ಕಳು ಮನೆಯಲ್ಲಿ ಕಲಿಯುವವರಾದ್ದರಿಂದ ತೀರ್ಪುಗಾರರೇ ಮನೆಮನೆಗೆ ಬಂದು, ಮಗು ಎಲ್ಲಿ ಪ್ರಯೋಗ ಮಾಡುತ್ತದೋ ಅಲ್ಲೇ ನಿಂತು ನೋಡುತ್ತಾರೆ. ಮೇಷ್ಟ್ರು ನಮ್ಮ ಮನೆಗೂ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದರು. ಬಹಳ ಸಂಭಾವಿತರು, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವತ್ತು ನೋಡಬೇಕಾದ ಮನೆಗಳು ಬಹಳ ಇದ್ದವಂತೆ. ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. ಯಾಕಮ್ಮ ಬತ್ತಿ ಹಚ್ಚಿ ಲೋಟ ಕವುಚಿದಳು. ಬತ್ತಿ ಆರಿದ್ದನ್ನು ಅವರು ಕಂಡರು. ಆರಿದ ಕೂಡಲೇ ಕೈಯಲ್ಲಿದ್ದ ಹಾಳೆಯ ಕಡೆ ತಿರುಗಿದರು. ನೀರು ಏರಿದ್ದು ಆಮೇಲೆ. ಅವರು ತಲೆಯೆತ್ತಿದಾಗ ಅದು ಏರಿ ಮುಗಿದಿತ್ತು.

“ಯಾಕೆ ಏರಿತು, ಹೇಳು ಪುಟ್ಟಿ?”

ಅವಳು ಹೇಳಿದಳು. ಗಾಳಿ ಉಬ್ಬಿದ್ದು, ಹೊರಗೆ ಹೋದದ್ದು, ತಣಿದದ್ದು.

“ಜಾಣೆ. ಆದ್ರೆ ಒಂದು ಮಾತು ಬಿಟ್ಟುಹೋಯ್ತಲ್ಲ. ಆಮ್ಲಜನಕ ಖಾಲಿ ಆಯ್ತು ಅನ್ನಬೇಕು.”

“ಇಲ್ಲ ಸಾರ್. ನೀರು ಏರೋದು ಅದ್ರಿಂದ ಅಲ್ಲ. ಬತ್ತಿ ಇಲ್ದೇನೂ ಏರಿಸಿ ತೋರಿಸ್ಲಾ?”

“ಟೈಮ್ ಇಲ್ಲಮ್ಮ. ನೀನು ಮಾಡಿರೋದು ತುಂಬಾ ಅಚ್ಚುಕಟ್ಟಾಗಿದೆ. ಆ ಒಂದು ಮಾತು ಸರಿಯಾಗಿ ಹೇಳಿಬಿಡು, ಮೊದಲನೇ ಬಹುಮಾನಕ್ಕೆ ನಿನ್ನ ಹೆಸರೇ ಬರೀತೀನಿ.”

ಯಾಕಮ್ಮ ನನ್ನ ಮುಖ ನೋಡಿದಳು. ಸಭಿಕರೇ, ಅವಳಿಗೆ ಷರತ್ತು ಗೊತ್ತಿತ್ತು. ಒಂದು ಮಾತು ಆಡಿದರೆ ಮನೆ, ಆಡದಿದ್ದರೆ ಶಾಲೆ. ನನಗೂ ಗೊತ್ತಿತ್ತು. ಹೇಳಿಬಿಡೇ ಎಂದುಬಿಡುವವನಿದ್ದೆ. ನನಗಾಗಿ ಕಾಯದೆ ಅವಳೇ ಹೇಳಿದಳು.

“ನಾನು ನೋಡಿಲ್ವಲ್ಲ ಸಾರ್, ಹೆಂಗೆ ಹೇಳ್ಲಿ?”

ಕೋರ್ಟಿನಲ್ಲಿ ಇಂಥ ಒಂದು ಸಾಕ್ಷಿಗಾಗಿ ನಮ್ಮ ಸಾಹೇಬರು ಹಾತೊರೆಯುತ್ತಿದ್ದರು. ಕಂಡದ್ದನ್ನು ಕಂಡೆ ಎನ್ನುವವಳು, ಕಾಣದ್ದನ್ನು ಕಾಣೆ ಎನ್ನುವವಳು. ಸತ್ಯ, ಪೂರ್ತಿ ಸತ್ಯ ಎಂದು ಪ್ರಮಾಣ ಮಾಡಿಸುತ್ತಿದ್ದೆವು, ‘ದಿ ಟ್ರೂತ್, ದಿ ಹೋಲ್ ಟ್ರೂತ್’, ಆಮೇಲೆ ಇನ್ನೂ ಏನೋ ಇದೆ. ಅದಕ್ಕೆ ನೀವು ಕೊಟ್ಟದ್ದು ಅಚ್ಚುಕಟ್ಟುತನದ ಬಹುಮಾನ.

ಮೊದಲ ಬಹುಮಾನ ಯಾವುದಕ್ಕೆ ಹೋಯಿತು? ಜ್ವಾಲಾಮುಖಿಗೆ. ಆ ಮಗುವಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಆ ಬೆಟ್ಟವನ್ನು ಕಟ್ಟಿದವರು ಮಗುವಿನ ತಂದೆ, ಬಣ್ಣ ಹೊಡೆದವರು ಚಿಕ್ಕಪ್ಪ, ಒಳಗೆ ಬ್ಯಾಟರಿ ಕೂರಿಸಿದವನು ಬೀದಿಯ ರೇಡಿಯೋ ರಿಪೇರಿಯವನು. ಸಭೆಗೆ ಮುಂಚೆ ಊಟದ ಕೋಣೆಯಲ್ಲಿ ಆ ಮಗುವೇ ನನಗೆ ಹೇಳಿತು, “ನಂಗೆ ಮುಟ್ಟೋಕೇ ಬಿಡ್ಲಿಲ್ಲ ತಾತ, ಕೆಡಿಸ್ತೀಯ ಅಂದ್ರು.” ಕೆಡಿಸದೆ ಕಲಿಯುವುದು ಹೇಗೆ? ಕೈಯಾರೆ, ಕೈಯಾರೆ ಎಂದು ಬ್ಯಾನರ್ ಬರೆಸಿದ್ದೀರಿ. ಯಾರ ಕೈ ಎಂದು ಬರೆಸಲು ಮರೆತಿರಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನೋಡಿದೆ ಸ್ವಾಮಿ, ಚೆನ್ನಾಗಿದೆ ಗಡಿಯಾರ.

ನನ್ನ ಮಗಳೂ ಈ ಸಭೆಯಲ್ಲಿ ಕುಳಿತಿದ್ದಾಳೆ. ಅವಳ ಮೇಲೂ ನನಗೆ ಸಿಟ್ಟಿದೆ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವಳಿಗೆ ತನ್ನ ಮಗು ನನ್ನ ಹತ್ತಿರ ಎಷ್ಟು ಚೆನ್ನಾಗಿ ಕಲಿಯುತ್ತಿದೆ ಎಂಬುದು ಕಾಣುವುದಿಲ್ಲ. ತೀರ್ಪು ತಿಳಿದ ದಿನ ನಾನು, ಇದು ಅನ್ಯಾಯದ ತೀರ್ಪು, ಆದ್ದರಿಂದ ಷರತ್ತು ಬಿದ್ದುಹೋಯಿತು ಎಂದು ವಾದಿಸಿದೆ. ಕಾನೂನಿನಲ್ಲಿ ಅದಕ್ಕೆ ಒಂದು ಲ್ಯಾಟಿನ್ ಮಾತೂ ಇದೆ. ನೆನಪಾಗಲಿಲ್ಲ. ಅವಳು ಕನ್ನಡಕ ಒರೆಸುತ್ತ ಎಲ್ಲ ಕೇಳಿದಳು.

“ಅಪ್ಪ, ಅವಳು ಗೆದ್ದಿದ್ರೂ ನಾನು ಯೋಚನೆ ಮಾಡ್ತಿದ್ದೆ. ಅವಳ ಉಬ್ಬಸ ಹೋಗಿ ಬಹಳ ದಿನ ಆಯ್ತು. ಈಗ ಯಾರು ಯಾರನ್ನ ನೋಡ್ಕೊಳ್ತಿದ್ದೀರಿ ಅಂತ ನಂಗೊತ್ತಿಲ್ವಾ?”

ನಾನು ಎದ್ದು ಹೋಗಿ ತಟ್ಟೆ ತೊಳೆದೆ.

ಆದರೆ ಇವತ್ತು ಈ ಮೈಕ್ ಸಿಗುತ್ತದೆಂದು ತಿಳಿದು ನಿರ್ಧಾರ ಮಾಡಿಕೊಂಡೇ ಬಂದೆ. ಎಲ್ಲರೆದುರು ನ್ಯಾಯ ಕೇಳುತ್ತೇನೆ, ತೀರ್ಪು ತಿದ್ದಿಸುತ್ತೇನೆ, ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತೇನೆ ಎಂದು. ಈಗ ಸ್ವಲ್ಪ ಹೊತ್ತಿನ ಮುಂಚೆ, ಪರದೆಯ ಹಿಂದೆ, ಯಾಕಮ್ಮನಿಗೂ ಹೇಳಿದೆ. “ಹೆದರಬೇಡ ಕಣೇ, ಅಪೀಲು ಹಾಕ್ತೀನಿ. ನೀನು ಶಾಲೆಗೆ ಹೋಗೋ ಪ್ರಶ್ನೇನೇ ಇಲ್ಲ.”

ಅವಳು ನನ್ನ ಅಂಗಿಯ ಗುಂಡಿ ಹಾಕಿದಳು. ಮೇಲಿನದು ಬಿಚ್ಚಿಕೊಂಡಿತ್ತು.

“ಬೇಡ ತಾತ. ನಾನು ಹೋಗ್ತೀನಿ.”

“ಯಾಕೇ? ಅವರು ನೀನು ಹೇಳಿದ್ದು ತಪ್ಪು ಅಂದಿದ್ದಾರೆ.”

“ಅದಕ್ಕೇ. ನೀನು ಈಗೀಗ ನಾನು ಏನಂದ್ರೂ ಸರಿ ಅಂತೀಯ. ಮೊದ್ಲು ಜಗಳ ಆಡ್ತಿದ್ದೆ, ಅವಾಗ ಚೆನ್ನಾಗಿತ್ತು. ನೀನು ಒಪ್ದೇ ಇದ್ದಿದ್ಕೇ ನಂಗೆ ಬಿಸಿನೀರು ಹೊಳೆದಿದ್ದು. ಅಲ್ಲಿ ಒಂದು ಕ್ಲಾಸ್ ತುಂಬಾ ಹುಡುಗ್ರು ಇರ್ತಾರೆ, ಎಲ್ಲಾರ ಕೈಲೂ ಮಾಡಿಸ್ತೀನಿ. ಯಾರಾದ್ರೂ ಒಬ್ರು ನನ್ನ ನಂಬ್ದೇ ಇರ್ಬೇಕು ತಾತ. ಮನೇಲಿ ಅಂಥೋರು ಯಾರೂ ಉಳಿದಿಲ್ಲ.”

ಸಭಿಕರೇ, ಇದರ ಮೇಲೂ ನನಗೆ ಸಿಟ್ಟಿದೆ. ನಾನು ಒಪ್ಪಿದ್ದೇನೆ ಎಂದು ಯಾರೂ ತಿಳಿಯಬಾರದು. ಎರಡು ವರ್ಷ ಬೆರಳು ಸುಟ್ಟುಕೊಂಡು, ಜಗಳವಾಡಿ, ಸೋತು, ಸೋಲುವುದರಲ್ಲೇ ಸುಖ ಕಂಡುಕೊಂಡವನಿಗೆ ಇದು ಉತ್ತರವೇ? ಆದರೆ ಕೋರ್ಟಿನಲ್ಲಿ ಇದ್ದವನು ನಾನು. ಕಕ್ಷಿದಾರರೇ ಅಪೀಲು ಬೇಡ ಎಂದ ಮೇಲೆ ಉಳಿದವರಿಗೆ ಬಾಯಿಲ್ಲ. ಆದ್ದರಿಂದ ತೀರ್ಪು ತಿದ್ದಿ ಎಂದು ನಾನು ಕೇಳುವುದಿಲ್ಲ.

ಬೇರೊಂದು ಕೇಳುತ್ತೇನೆ. ಮೇಷ್ಟ್ರೇ, ಸೋಮವಾರದಿಂದ ಅವಳು ಬರುವುದು ನಿಮ್ಮದೇ ಶಾಲೆಗೆ, ನಿಮ್ಮದೇ ತರಗತಿಗೆ. ಈ ವಿಷಯ ನಿಮಗೆ ಇನ್ನೂ ತಿಳಿದಿರಲಿಕ್ಕಿಲ್ಲ. ಈಗ ತಿಳಿಯಿತು. ನೀವು ಅವಳನ್ನು ನಂಬಬೇಡಿ. ಅವಳಿಗೆ ಬೇಕಾದದ್ದೂ ಅದೇ. ಆದರೆ ಚೀಟಿಯನ್ನೂ ನಂಬಬೇಡಿ. ಒಂದು ಲೋಟ, ಒಂದು ತಟ್ಟೆ, ಮೂರು ಬತ್ತಿ ತಂದಿಡಿ. ಬತ್ತಿ ಆರಿದ ಕೂಡಲೇ ಹಾಳೆಯ ಕಡೆ ತಿರುಗಬೇಡಿ. ಆರಿದ ಮೇಲೆ ಒಂದು ಕ್ಷಣ ಅಲ್ಲೇ ಬಗ್ಗಿ ನಿಂತುಕೊಳ್ಳಿ. ಆಮೇಲೂ ನಿಮಗೆ ಆಮ್ಲಜನಕವೇ ಕಂಡರೆ ಅವಳ ಜೊತೆ ಜಗಳ ಆಡಿ. ಚೆನ್ನಾಗಿ ಆಡಿ. ಬೇಗ ಸೋಲಬೇಡಿ. ನಾನು ಮಾಡಿದ ತಪ್ಪು ಅದೊಂದೇ.

ಇನ್ನು ವಂದನೆಗಳು. ಅಧ್ಯಕ್ಷರಿಗೆ, ನಿದ್ದೆ ಬಂದರೂ ಕಣ್ಣು ತೆರೆದು ಕುಳಿತದ್ದಕ್ಕೆ ವಂದನೆ. ಮುಖ್ಯ ಅತಿಥಿಗಳಿಗೆ, ಮುಂದಿನ ಪೆಟ್ಟಿಗೆಯಲ್ಲಿ ಉತ್ತರದ ಚೀಟಿಯನ್ನು ಹಾಕಲೇಬೇಕೆಂದಿದ್ದರೆ ತಳದಲ್ಲಿ ಹಾಕುತ್ತಾರೆಂಬ ನಂಬಿಕೆಯಿಂದ ಮುಂಗಡ ವಂದನೆ. ಮೇಷ್ಟ್ರಿಗೆ, ನಮ್ಮ ಅಡುಗೆಮನೆಯ ಹೊಸ್ತಿಲವರೆಗೆ ಬಂದದ್ದಕ್ಕೆ. ಕಾರ್ಯದರ್ಶಿಗಳಿಗೆ, ಮೈಕಿನ ತಂತಿ ಕೀಳದೆ ಇದ್ದದ್ದಕ್ಕೆ. ಕುರ್ಚಿ ಹಾಕಿದವರಿಗೆ, ಈಗ ಅವನ್ನು ಎತ್ತಲು ಕಾಯುತ್ತಿರುವವರಿಗೆ. ನನ್ನ ಮಗಳಿಗೆ, ನನಗಿಂತ ಚೆನ್ನಾಗಿ ಕಾಣುವ ಕಣ್ಣಿಗಾಗಿ. ಯಾಕಮ್ಮನಿಗೆ ನಾನು ವಂದನೆ ಹೇಳುವುದಿಲ್ಲ, ಹೇಳಿದರೆ ಯಾಕೆ ಎಂದು ಕೇಳುತ್ತಾಳೆ.

ಬಹಳ ಹೊತ್ತು ಕೂರಿಸಿಕೊಂಡೆ. ಮನೆಗೆ ಹೋಗಲು ನನಗೆ ಅಂಥ ಅವಸರವೇನೂ ಇಲ್ಲ, ಆದರೆ ನಿಮಗೆಲ್ಲ ಇರುತ್ತದೆ. ಹೊರಡಿ. ನಮಸ್ಕಾರ.